ಗ್ರಿಗೋರೆಯ ಪಾಲಿನ ಮಂಚ

ಸೊಸೆಯನ್ನು ಒಂದು ಮಾತೂ ಕೇಳದೆ ಅಗಾಫಿಯಾ ಮಂಚದ ಮೇಲಿನ ಹೊದಿಕೆಗಳನ್ನು ಕಿತ್ತು ನೆಲಕ್ಕೆ ಹಾಕಿದಳು. ಮಲಗಿದ್ದ ಆರು ವರ್ಷದ ಝಂಫೀರಾ ಕೆಮ್ಮುತ್ತಾ ಎದ್ದು ಅಮ್ಮನ ಲಂಗ ಹಿಡಿದುಕೊಂಡಳು.

ಸ್ಟೆಲಿಯಾನಾಳಿಗೆ ಅರ್ಥವಾಯಿತು. ಗಂಡ ಗ್ರಿಗೋರೆ ಮಾಸ್ಕೋದಲ್ಲಿ ಕಟ್ಟಡದಿಂದ ಬಿದ್ದು ಸತ್ತು ನಾಳೆಗೆ ವರ್ಷ. ಮೊಲ್ದೋವಾದ ಆ ಹಳ್ಳಿಯಲ್ಲಿ ವರ್ಷದ ದಿನ ಸತ್ತವನ ಹೆಸರಿನಲ್ಲಿ ಏನು ದಾನ ಕೊಡುತ್ತಾರೋ ಅದಷ್ಟೇ ಅವನಿಗೆ ಆಚೆಯ ಲೋಕದಲ್ಲಿ ದಕ್ಕುವುದು. ಆದರೆ ಮೂವರಿಗೂ ಇದ್ದದ್ದು ಅದೊಂದೇ ಮಂಚ. ಮಗುವಿನ ಎದೆ ಸರಿಯಿಲ್ಲ, ಈ ಚಳಿಗಾಲ ಮಣ್ಣು ನೆಲದ ಮೇಲೆ ಮಲಗಿಸಲೇಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಅವಳು ಮತ್ತೆ ಹೇಳಿದಳು.

"ಅತ್ತೆ, ಅವರು ಇದನ್ನ ತಂದಿದ್ದೇ ಮಗೂಗೋಸ್ಕರ..."

"ಎದುರು ಮನೆ ಪಂತೇಲೆ ಸತ್ತ ವರ್ಷಕ್ಕೆ ಅವನ ಹೆಸರಲ್ಲಿ ಸೋಫಾ ಕೊಟ್ರು, ಬೀರು ಕೊಟ್ರು, ಟಿವಿ ಕೊಟ್ರು. ನನ್ನ ಮಗ ಅಲ್ಲಿ ಅವನ ಪಕ್ಕದಲ್ಲೇ ಇರೋದು ಕಣೇ. ಅವನು ಸೋಫಾದಲ್ಲಿ, ಇವನು ನೆಲದ ಮೇಲಾ?" ಅಗಾಫಿಯಾ ದಿಂಬನ್ನು ಎತ್ತಿ ಕೊಡವಿದಳು. "ಕಮ್ಯುನಿಸ್ಟರ ಕಾಲದಲ್ಲಿ ಜಮೀನೆಲ್ಲ ಒಟ್ಟಿಗಿದ್ದಾಗ ಊರಿಗೆಲ್ಲ ಒಂದೇ ಥರದ ಕಬ್ಬಿಣದ ಮಂಚ. ಆಗ ನಾನು ಇಂಥದು ಬೇಕು ಅಂದಿದ್ದು ಕೇಳಿದ್ದೀಯಾ? ಎದುರು ಮನೆ ನೋಡಿದ್ರೂ ನಮ್ಮನೆ ನೋಡಿದ ಹಾಗೇ ಇರ್ತಿತ್ತು. ಈಗ ಕಿಟಕಿ ತೆಗೆಯೋಕೇ ಆಗಲ್ಲ ನನಗೆ."

ಮಾರನೆಯ ಮಧ್ಯಾಹ್ನ ಮಂಚ ಅಂಗಳಕ್ಕೆ ಬಂತು. ದಿಂಬಿನ ಮೇಲೆ ರೊಟ್ಟಿ, ರೊಟ್ಟಿಯಲ್ಲಿ ನೆಟ್ಟ ಮೇಣದ ಬತ್ತಿ. ತೆಗೆದುಕೊಳ್ಳುವವಳು ಪಂತೇಲೆಯ ಹೆಂಡತಿ ಲಿದಿಯಾ. ಗ್ರಿಗೋರೆಯ ದೀಕ್ಷಾಸ್ನಾನದಲ್ಲಿ ಅವನಿಗೆ ಧರ್ಮತಾಯಿಯಾಗಿ ನಿಂತವಳಾದ್ದರಿಂದ ಹಕ್ಕು ಅವಳದೇ. ಅವಳ ಮಗ ಇಟಲಿಯಲ್ಲಿ ದುಡಿಯುತ್ತಿದ್ದ. ಮನೆಯಲ್ಲಿ ಮಲಗುವವರಿಗಿಂತ ಮಂಚಗಳೇ ಹೆಚ್ಚಿದ್ದವು. ಕೊಡುವ ಮಾತನ್ನು ಸತ್ತವನ ಹೆಂಡತಿಯೇ ಆಡಬೇಕು. ಪಾದ್ರಿ ಕಾದರು.

"ಇಲ್ಲಿ ನಿಮ್ಮದಾಗಲಿ... ಅಲ್ಲಿ ಗ್ರಿಗೋರೆಯದಾಗಲಿ," ಎಂದಳು ಸ್ಟೆಲಿಯಾನಾ. ಅಳು ಬರಲಿಲ್ಲ.

ಒಂದು ವರ್ಷದಲ್ಲಿ ಮೊದಲ ಸಲ ಅಗಾಫಿಯಾಳ ಮುಖ ಸಡಿಲವಾಯಿತು. ಏನಾದರೂ ಕೊರತೆಯಾಯಿತೇ ಎಂದು ಎಲ್ಲರನ್ನೂ ಕೇಳಿದಳು.

"ಏನೂ ಇಲ್ಲ ಬಿಡಿ ಅಗಾಫಿಯಾ," ಎಂದಳು ಲಿದಿಯಾ. "ನಮ್ಮನೆಯವರಿಗೆ ಒಂದು ಕನ್ನಡೀನೂ ಕೊಟ್ಟಿದ್ವಿ, ಅಷ್ಟೇ."

ಮುದುಕಿಯ ಮುಖ ಮತ್ತೆ ಬಿಗಿಯಿತು. ಅವಳು ಸೊಸೆಯ ಕಡೆ ನೋಡಿದಳು.

ಸ್ಟೆಲಿಯಾನಾ ಒಳಗೆ ಹೋದಳು. ನೆಲದ ಮೇಲೆ ಹೊದ್ದು ಮಲಗಿದ್ದ ಮಗುವನ್ನು ದಾಟಿ ಗೋಡೆಯ ಕನ್ನಡಿಯನ್ನು ಇಳಿಸಿಕೊಂಡು ಬಾಗಿಲಿಗೆ ಬಂದಳು.

"ಇನ್ನೇನೇನು ಕೊಟ್ಟಿದ್ರು ಅಂತ ಕೇಳಿಬಿಡಿ ಅತ್ತೆ," ಎಂದಳು. "ಎಲ್ಲ ಒಂದೇ ಸಲ ತಂದುಬಿಡ್ತೀನಿ."