ಒಂದು ಆಂಪ್ಲಿಫೈಯರ್, ಹದಿನಾಲ್ಕು ಭಾನುವಾರ

ಆಂಪ್ಲಿಫೈಯರ್‌ನ ಎಡಗಡೆ ಅವಳ ಕೈ, ಬಲಗಡೆ ಅವನ ಕೈ. ಹಳೇ ಸಾಮಾನಿನ ಅಂಗಡಿಯಲ್ಲಿ ಇಬ್ಬರೂ ಒಂದೇ ಗಳಿಗೆಗೆ ಅದನ್ನು ಹಿಡಿದಿದ್ದರು, ಇಬ್ಬರೂ ಬಿಡಲು ತಯಾರಿರಲಿಲ್ಲ. ಮರದ ಕವಚ, ಅಲ್ಯೂಮಿನಿಯಂ ಮುಖ, ಮುಷ್ಟಿ ತುಂಬುವಂಥ ವಾಲ್ಯೂಮ್ ನಾಬ್. ವಯಸ್ಸಿನಲ್ಲಿ ಅದು ಇಬ್ಬರಿಗಿಂತಲೂ ಹಿರಿದು.

"ನಾನು ಮೊದಲು ನೋಡಿದ್ದು," ಎಂದಳು.

"ನೀವು ನೋಡೋದನ್ನ ನಾನು ನೋಡ್ತಿದ್ದೆ," ಎಂದ ಅವನು. ಅಂದ ಮೇಲೆ ತಾನು ಅಂದದ್ದೇನು ಅಂತ ಹೊಳೆದು ಕಿವಿಯವರೆಗೂ ಕೆಂಪಾದ.

ಅಂಗಡಿಯವನು ನಡುವೆ ಬಂದು, ಇಷ್ಟು ಜಗಳಾಡುವಂಥ ಮಾಲಲ್ಲ ಇದು, ಒಂದು ಕಡೆ ಬಾಯೇ ಬಿಡುವುದಿಲ್ಲ, ಇನ್ನೊಂದು ಕಡೆ ಬರೀ ಗುಂಯ್‌ಗುಡುತ್ತದೆ ಎಂದ. ವಿಚಾರಿಸಿದಾಗ ತಿಳಿದದ್ದು ಇಷ್ಟು. ಅವಳು ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವವಳು, ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇದೆ, ಆಂಪ್ಲಿಫೈಯರ್ ಇಲ್ಲ. ಅವನು ಲೈಬ್ರರಿಯವನು, ಸೊಂಟದೆತ್ತರದ ಎರಡು ಸ್ಪೀಕರ್‌ಗಳಿವೆ, ಆಂಪ್ಲಿಫೈಯರ್ ಇಲ್ಲ. ನಿಂತ ನಿಲುವಿನಲ್ಲೇ ಒಪ್ಪಂದ ಆಯಿತು. ಭಾನುವಾರ ಭಾನುವಾರ ಅವಳ ಮನೆಯಲ್ಲಿ ರಿಪೇರಿ. ಬೇಕಾದ ಭಾಗಗಳನ್ನು ಹುಡುಕಿ ತರುವುದು ಅವನ ಕೆಲಸ. ಕೆಲಸ ಮುಗಿದ ಮೇಲೆ ಆರು ತಿಂಗಳು ಅವಳ ಮನೆಯಲ್ಲಿ, ಆರು ತಿಂಗಳು ಅವನ ಮನೆಯಲ್ಲಿ.

ಅದೆಂಥ ಎಡವಟ್ಟು ಒಪ್ಪಂದ ಅಂತ ಅವಳಿಗೆ ಹೊಳೆದದ್ದು ಮೂರನೇ ಭಾನುವಾರ. ಅವನು ಟಾರ್ಚ್ ಹಿಡಿದು ಪಕ್ಕದಲ್ಲೇ ಬಗ್ಗಿದ್ದ. ಬೆಳಕು ಬೋರ್ಡಿನ ಮೇಲೆ, ಕಣ್ಣು ಮಾತ್ರ ಅವಳ ಕೆನ್ನೆಗೆ ಅಂಟಿದ ಕೂದಲಿನ ಮೇಲೆ. ಅವಳು ತಲೆಯೆತ್ತಿದಾಗ ಗಾಬರಿಯಾಗಿ ಟಾರ್ಚನ್ನು ಗೋಡೆಯತ್ತ ತಿರುಗಿಸಿದ. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಭಯವೂ ಬಂತು. ಇದು ಸರಿಹೋದ ದಿನದಿಂದ ಈ ಮನುಷ್ಯ ಕಾಣಸಿಗುವುದು ವರ್ಷಕ್ಕೆ ಎರಡೇ ಸಲ, ಬಾಗಿಲಲ್ಲಿ, ಪೆಟ್ಟಿಗೆ ಕೊಟ್ಟು ತಗೊಳ್ಳುವಾಗ.

ಅಲ್ಲಿಂದ ರಿಪೇರಿ ಆಮೆ ನಡಿಗೆ ಹಿಡಿಯಿತು.

ಒಂದು ಸಲಕ್ಕೆ ಒಂದೇ ಭಾಗ ಬದಲಾಯಿಸಬೇಕು, ಆಗಲೇ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದು ಎಂದು ಅವಳು ಗಂಭೀರವಾಗಿ ಪಾಠ ಹೇಳಿದಳು. ಪಾಠವೇನೋ ನಿಜ. ಆದರೆ ಆಸ್ಪತ್ರೆಯಲ್ಲಿ ಅದೇ ಪಾಠದ ಪ್ರಕಾರ ಗಂಟೆಗೆ ಹತ್ತು ಭಾಗ ಬದಲಾಯಿಸುತ್ತಿದ್ದಳು. ಇಲ್ಲಿ ವಾರಕ್ಕೊಂದು. ಒಂದು ವಾರ ಕರಕರ ಎನ್ನುವ ನಾಬ್‌ಗಳನ್ನು ತೊಳೆಯುವುದು, ಒಂದು ವಾರ ಬಿಟ್ಟುಹೋದ ಬೆಸುಗೆ, ಒಂದು ವಾರ ಸ್ಪೀಕರ್‌ಗೆ ಸಂಪರ್ಕ ಕೊಡುವ ರಿಲೇ. ಅವನು ಅದಕ್ಕಾಗಿ ಊರೆಲ್ಲ ಸುತ್ತಿ ತಪ್ಪು ರಿಲೇ ತಂದಾಗ ಬಾಯಿ ಮಾತಿಗೆ ಬೈದಳು, ಒಳಗೊಳಗೇ ಕುಣಿದಳು.

ಅವಳ ಜೊತೆಗೇ ಇದ್ದ ಚಿಕ್ಕಮ್ಮ ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು. ದನಿ ಕೇಳಿಯೇ ಜನರ ಗುಟ್ಟು ಹಿಡಿಯುವವರು. ಅವನಿಗೆ 'ಭಾನುವಾರ' ಅಂತಲೇ ಹೆಸರಿಟ್ಟಿದ್ದರು. ಗೇಟು ಸದ್ದಾದರೆ ಸಾಕು, "ನಿನ್ನ ಭಾನುವಾರ ಬಂತು ನೋಡು," ಎನ್ನುತ್ತಿದ್ದರು.

ಒಂಬತ್ತನೇ ವಾರ ಅನಾಹುತವೇ ಆಗಿಹೋಯಿತು. ಎರಡೂ ಕಡೆಯಿಂದ ಸಂಗೀತ ಹೊಮ್ಮಿತು. ಅವನು ತಂದಿಟ್ಟಿದ್ದ ತನ್ನ ಸ್ಪೀಕರ್‌ಗಳು ಎದೆ ನಡುಗಿಸಿದವು, ಕಿಟಕಿಯ ಗಾಜು ಝಲ್ಲೆಂದಿತು, ಇಬ್ಬರೂ ಚಿಕ್ಕ ಮಕ್ಕಳ ಹಾಗೆ ಕೇಕೆ ಹಾಕಿದರು. ಮರುಗಳಿಗೆ ಅವಳಿಗೆ ಒಪ್ಪಂದ ನೆನಪಾಯಿತು. ಹಾಡಿದರೆ ಸಾಲದು, ಚೆನ್ನಾಗಿ ಹಾಡಬೇಕು, ಇನ್ನು ಮೇಲೆ ಅಪ್‌ಗ್ರೇಡ್ ಎಂದು ತಕ್ಷಣ ಸಾರಿಬಿಟ್ಟಳು. ಅವನು ಮರುಮಾತಿಲ್ಲದೆ ಪಟ್ಟಿ ಬರೆದುಕೊಂಡ.

ಹದಿನಾಲ್ಕನೇ ಭಾನುವಾರ ಬೆಳಿಗ್ಗೆ ಬದಲಾಯಿಸಲು ಉಳಿದಿದ್ದು ಎರಡೇ ಎರಡು, ಡಬ್ಬಿಯಂಥ ದೊಡ್ಡ ಕೆಪಾಸಿಟರ್‌ಗಳು. ಒಂದನ್ನು ಮುಂದಿನ ವಾರಕ್ಕೆ ತಳ್ಳೋಣವೆಂದರೆ ಅವು ಜೋಡಿಯಾಗಿಯೇ ಹೋಗುವಂಥವು. ಅವಳು ಕಾಯಲು ಇಟ್ಟ ಬೆಸುಗೆ ಕಡ್ಡಿಯನ್ನೇ ನೋಡುತ್ತಿದ್ದಾಗ ಅವನು ಮೆಲ್ಲಗೆ ಹೇಳಿದ, "ಇವತ್ತಿಗೆ ಮುಗೀತು ಅಲ್ವಾ. ಇನ್ನು ನಿಮಗೆ ಭಾನುವಾರ ಪೂರ್ತಿ ಬಿಡುವು."

"ಹೂಂ," ಎಂದಳು. ಬೆಣ್ಣೆಯಿಂದ ಕೂದಲೆಳೆದ ಹಾಗೆ ಬೆಸುಗೆ ಹಾಕುವವಳು ಅಂದು ಏನು ಹಾಕಿದೆನೆಂದು ನೋಡದೆ ಹಾಕಿದಳು. ಹಾಳಾದ್ದು, ಬೇಗ ಮುಗಿಯಲಿ ಎಂದು ಸ್ವಿಚ್ಚಿಗೆ ಬೆರಳಿಟ್ಟಳು.

ಅವನು ಆ ಕೈ ಹಿಡಿದುಕೊಂಡ.

"ಎರಡೂ ಉಲ್ಟಾ ಆಗಿವೆ," ಎಂದ. "ಹೊಸ ಕೆಪಾಸಿಟರಿನಲ್ಲಿ ಪಟ್ಟಿ ಇರೋ ಕಡೆ ಮೈನಸ್. ಈ ಹಳೇ ಬೋರ್ಡಿನಲ್ಲಿ ಕಪ್ಪು ಬಳಿದಿರೋ ಕಡೆ ಪ್ಲಸ್. ನೀವು ಪಟ್ಟಿಗೆ ಕಪ್ಪು ಹೊಂದಿಸಿದೀರ."

ಅವಳು ಬಗ್ಗಿ ನೋಡಿದಳು. ನಿಜ. ಕರೆಂಟು ಹರಿದಿದ್ದರೆ ಎರಡೂ ಪಟಾಕಿಯ ಹಾಗೆ ಸಿಡಿಯುತ್ತಿದ್ದವು. ಅದಕ್ಕಿಂತ ಹೆಚ್ಚಿನ ಆಶ್ಚರ್ಯ ಅವಳಿಗೆ ಬೇರೆಯದಿತ್ತು. ಹದಿನಾಲ್ಕು ವಾರ ಟಾರ್ಚ್ ಹಿಡಿಯುವುದು ಬಿಟ್ಟು ಏನೂ ಗೊತ್ತಿಲ್ಲದಂತೆ ಇದ್ದವನಿಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದಳು.

ಅವನು ನೆಲ ನೋಡಿದ. ಎರಡನೇ ವಾರವೇ ಇನ್ನೊಂದು ಲೈಬ್ರರಿಯಿಂದ ಇದರ ರಿಪೇರಿ ಪುಸ್ತಕ ತರಿಸಿ ಮೂರು ಸಲ ಓದಿದ್ದನಂತೆ. ಎಲ್ಲ ಭಾಗ ಬದಲಾಯಿಸಲು ಕೈ ಪಳಗಿದವರಿಗೆ ಐದು ಗಂಟೆ ಸಾಕು ಅಂತ ಅದರಲ್ಲಿ ಅಚ್ಚಾಗಿತ್ತಂತೆ.

ಅವಳ ಮುಖ ಬಿಸಿಯಾಯಿತು. "ಮತ್ತೆ ಯಾಕೆ ಸುಮ್ಮನಿದ್ರಿ?"

"ಐದು ಗಂಟೆ ಕೆಲಸನ ನೀವು ಹದಿನಾಲ್ಕು ವಾರ ಎಳೀತಿದ್ರಿ. ನಾನು ಬಾಯಿ ಬಿಟ್ಟು ಕೆಡಿಸಿಕೊಳ್ಳಲಾ? ಆ ತಪ್ಪು ರಿಲೇ ಬೇಕಂತಲೇ ತಂದಿದ್ದು."

"ಇವತ್ತೂ ಸುಮ್ಮನಿದ್ದಿದ್ರೆ ಎಲ್ಲ ಸುಟ್ಟು ಇನ್ನೂ ಹತ್ತು ವಾರ ಸಿಗ್ತಿತ್ತಲ್ಲ."

"ನಿಮ್ಮ ಮುಖ ಅದರ ಮೇಲೇ ಬಗ್ಗಿತ್ತು," ಎಂದ ಅವನು. "ವಾರ ಹೋದ್ರೆ ಹೋಗಲಿ."

ಇಷ್ಟು ದಿನ ಅವಳು ತಾನೊಬ್ಬಳೇ ಕಳ್ಳಿ ಎಂದುಕೊಂಡಿದ್ದಳು. ಈ ಕಳ್ಳನೋ ಅವಳಿಗಿಂತ ಒಂದು ವಾರ ಮುಂದಿದ್ದ. ಅವನ ಕೈ ಇನ್ನೂ ಅವಳ ಕೈ ಮೇಲೇ ಇತ್ತು, ಬಿಡಿಸಿಕೊಳ್ಳುವ ಮನಸ್ಸು ಅವಳಿಗೆ ಒಂದಿಷ್ಟೂ ಇರಲಿಲ್ಲ.

ಕೊನೆಗೆ ಇಬ್ಬರೂ ಕೂತು ಕೆಪಾಸಿಟರ್‌ಗಳನ್ನು ಕಿತ್ತು, ಸರಿಯಾದ ದಿಕ್ಕಿಗೆ ಕೂರಿಸಿದರು. ಹತ್ತೇ ನಿಮಿಷದ ಕೆಲಸ. ರೆಕಾರ್ಡು ತಿರುಗಿತು. ಪಿಟೀಲು ಎಡಗಡೆಯಿಂದ ಎದ್ದು ಕೋಣೆ ತುಂಬಿ ಬಲಗಡೆ ಇಳಿಯಿತು. ಅಷ್ಟು ಸ್ವಚ್ಛ ದನಿಯನ್ನು ಆ ಗೋಡೆಗಳು ಕೇಳಿರಲಿಲ್ಲ.

"ಮೊದಲ ಆರು ತಿಂಗಳು ಯಾರ ಮನೆ?" ಎಂದು ಕೇಳಿದಳು.

"ಇದಕ್ಕೆ ಒಂದೇ ಮನೆ ಸಾಕಾಗಲ್ವಾ?" ಎಂದ ಅವನು. ಈ ಸಲ ನೆಲ ನೋಡಲಿಲ್ಲ, ಅವಳನ್ನೇ ನೋಡಿದ.

"ಸಾಕು," ಎಂದಳು ಅವಳು. "ಆದ್ರೆ ನನ್ನ ಜೊತೆ ಚಿಕ್ಕಮ್ಮನೂ ಇರ್ತಾರೆ."

"ಅವರನ್ನ ಹೋದ ಭಾನುವಾರವೇ ಕೇಳಿದೆ. ಒಪ್ಪಿದಾರೆ," ಎಂದ ಅವನು. "ಬಾಕಿ ಇದ್ದಿದ್ದು ನೀವೊಬ್ಬರೇ."