ಸುನೀಲನ ಕಾಡಿನ ಚೀಲ

ಮಾರ್ಚ್ ಹನ್ನೆರಡು, ಬೆಳಿಗ್ಗೆ ಒಂಬತ್ತೂವರೆ. ದೊಡ್ಡತಾಯಮ್ಮ ಎಚ್.ಡಿ. ಕೋಟೆ ಠಾಣೆಯ ಮೆಟ್ಟಿಲ ಮೇಲೆ ಕುಸಿದು ಕೂತು ಎದೆ ಬಡಿದುಕೊಂಡಳು.

"ನನ್ ಸೊಸೇನೇ ನನ್ ಮಗನ್ನ ತಿಂದ್ಕಂಡ್ಳು ಸಾಮಿ! ಹೊಟ್ಟೆಗೆ ಸೂಜಿ ಚುಚ್ಚೋದ ನಾನೇ ಕಂಡಿವ್ನಿ."

ಅತ್ತೆ ಸೊಸೆಯರ ದೂರು ಠಾಣೆಗೆ ಹೊಸತೇ? ಆದರೆ ಮಗನ ಹೆಣ ಇನ್ನೂ ಕಾಡಿನಲ್ಲೇ ಇತ್ತು. ಇನ್‌ಸ್ಪೆಕ್ಟರ್ ರಿಯಾಜ್ ಎಫ್‌ಐಆರ್ ದಾಖಲಿಸಿದರು. ಆರೋಪಿ: ಮೃತನ ಹೆಂಡತಿ ರಮ್ಯ.

ಸುನೀಲ್‌ಕುಮಾರ್ ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುವ ದಿನಗೂಲಿಯವನು. ಹಿಂದಿನ ದಿನ ದೂರದಲ್ಲಿ ಹೊಗೆ ಕಂಡು, ಬುತ್ತಿಯನ್ನು ಬಿಡಾರದಲ್ಲೇ ಬಿಟ್ಟು, ಚೀಲ ಹೆಗಲಿಗೇರಿಸಿ ಒಬ್ಬನೇ ಓಡಿದ್ದ. ಬೆಳಗಿನ ಜಾವ ಮತ್ತಿಮರದ ಬುಡದಲ್ಲಿ ಹೆಣವಾಗಿ ಸಿಕ್ಕಿದ. ಪಂಚನಾಮೆಯಲ್ಲಿ ಮೈಮೇಲೆ ಗಾಯವಿಲ್ಲ ಎಂದು ಬರೆಯಲಾಯಿತು. ಟಾರ್ಚು, ಬೆಂಕಿಪೊಟ್ಟಣ, ಹಗ್ಗ, ಪಟ್ಟಿ ಬಟ್ಟೆ, ಮಡಚಿದ ಪ್ಲಾಸ್ಟಿಕ್ ಹಾಳೆ ಎಲ್ಲ ನೆಲದ ಮೇಲೆ ಚೆಲ್ಲಿದ್ದವು. ಅವನ ಬಲಗೈ ಬರಿದಾದ ಚೀಲದ ಒಳಜೇಬಿನಲ್ಲಿತ್ತು.

"ಏನೋ ಹುಡುಕವ್ನೆ ಸಾರ್," ಎಂದ ಕಾನ್‌ಸ್ಟೆಬಲ್ ಕುಳ್ಳಯ್ಯ.

ರಮ್ಯ ಆಸ್ಪತ್ರೆಯ ಚೀಟಿ ತಂದು ತೋರಿಸಿದಳು. ಸುನೀಲನಿಗೆ ಸಕ್ಕರೆ ಕಾಯಿಲೆ. ಅವ್ವನಿಗೆ ಗೊತ್ತಾದರೆ ಕಾಡಿಗೆ ಕಳಿಸುವುದಿಲ್ಲವೆಂದು ಮುಚ್ಚಿಟ್ಟಿದ್ದ. ಅವಳು ಚುಚ್ಚುತ್ತಿದ್ದದ್ದು ಇನ್ಸುಲಿನ್. ಊರು ನಂಬಲಿಲ್ಲ, ಅತ್ತೆಯಂತೂ ಮುಖಕ್ಕೇ ಉಗಿದಳು. ಮರಣೋತ್ತರ ಪರೀಕ್ಷೆಯ ವರದಿ ಬರುವವರೆಗೆ ಬಂಧನ ಬೇಡವೆಂದು ರಿಯಾಜ್ ಬಿಟ್ಟಿದ್ದರಿಂದ ರಮ್ಯ ಪಿರಿಯಾಪಟ್ಟಣದ ತವರಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಾಪ, ಗಂಡನಿಗಾಗಿ ಅಳುವುದಕ್ಕೂ ಅವಳಿಗೆ ಪುರುಸೊತ್ತು ಕೊಡಲಿಲ್ಲ ಜನ.

ಏಪ್ರಿಲ್ ಎರಡರಂದು ವರದಿ ಬಂತು. ರಿಯಾಜ್ ಇಬ್ಬರನ್ನೂ ಠಾಣೆಗೆ ಕರೆಸಿ, ಜಪ್ತಿ ಮಾಡಿದ್ದ ಚೀಲವನ್ನೂ ಸಾಮಾನನ್ನೂ ಮೇಜಿನ ಮೇಲಿಟ್ಟರು.

"ತುಂಬಿದ್ದು ಯಾರು?"

"ನಾನೇ ಸಾರ್. ಹೆಗಲಿಗೆ ಭಾರ ಆಗ್ಬಾರ್ದು ಅಂತ ಒಂದೊಂದ್ನೂ ಕೈಯಲ್ಲಿ ತೂಗಿ ನೋಡಿ ಇಟ್ಟೆ." ರಮ್ಯ ಸಾಮಾನನ್ನೆಲ್ಲ ಮತ್ತೊಮ್ಮೆ ನೋಡಿದಳು. "ಬೆಲ್ಲ ಎಲ್ಲಿ ಸಾರ್? ಒಳಜೇಬಲ್ಲಿ ಎರಡಚ್ಚು ಇಟ್ಟಿದ್ದೆ, ತಲೆ ಸುತ್ತುದ್ರೆ ಬಾಯಿಗಾಕ್ಕೊಳ್ಳಲಿ ಅಂತ."

"ನಾನೇ ತೆಗ್ದು ಮಡುಗ್ದೆ," ಎಂದಳು ದೊಡ್ಡತಾಯಮ್ಮ. ದನಿಯಲ್ಲಿ ಇನ್ನೂ ಸಿಟ್ಟಿತ್ತು. "ಕಾಡ್ಗೋಗೋನ ಚೀಲ್ದಲ್ಲಿ ಯಾರಾದ್ರೂ ಬೆಲ್ಲ ಮಡುಗ್ತಾರಾ? ನನ್ ಗಂಡ ಸಂತೆಯಿಂದ ಬೆಲ್ಲ ಹೊತ್ಕಂಡು ಬತ್ತಿದ್ದಾಗ್ಲೇ ಆನೆ ವಾಸ್ನೆ ಹಿಡ್ಕಂಡು ಬಂದು ತುಳುದಾಕ್ತು. ಮಗನ್ನೂ ಕಳ್ಕಬೇಕಿತ್ತಾ ನಾನು?"

ರಿಯಾಜ್‌ಗೆ ಬೇರೆ ದಾರಿಯಿರಲಿಲ್ಲ. ವರದಿಯನ್ನು ಓದಿ ಹೇಳಿದರು. ವಿಷವಿಲ್ಲ. ಇನ್ಸುಲಿನ್ ತೆಗೆದುಕೊಂಡವನು ಹಸಿದು ಅಲೆದು ರಕ್ತದ ಸಕ್ಕರೆ ಅಂಶ ಪೂರ್ತಿ ಇಳಿದಿರುವ ಸಾಧ್ಯತೆಯೇ ಹೆಚ್ಚು. ಸಿಹಿ ತಿಂದಿದ್ದರೆ ಬದುಕುತ್ತಿದ್ದ.

"ಇನ್ನೊಂದ್ಸಲ ಓದಪ್ಪ."

ಅವರು ಇನ್ನೊಮ್ಮೆ ಓದಿದರು. ದೊಡ್ಡತಾಯಮ್ಮ ಎರಡೂ ಕೈ ಮುಂದೆ ಚಾಚಿದಳು.

"ಬೇಡಿ ಹಾಕ್ರಪ್ಪ. ನಾನೇ ಕೊಂದೆ."

"ನಿಮ್ಮ ಮೇಲೆ ಹಾಕೋಕೆ ಸೆಕ್ಷನ್ ಇಲ್ಲಮ್ಮ. ಆನೆಗೆ ಹೆದರಿ ತೆಗೆದ್ರಿ, ಅಷ್ಟೆ. ಮನೆಗೆ ಹೋಗಿ."

"ಆ ಬೆಲ್ಲ ಮನೇಲಿ ಅಂಗೇ ಅದೆ ಸಾಮಿ. ಎಂಗೋಗ್ಲಿ?"

ಅಪರಾಧ ನಡೆದಿಲ್ಲವೆಂದು ಪ್ರಕರಣಕ್ಕೆ ಬಿ ರಿಪೋರ್ಟ್ ಬರೆಯಲಾಯಿತು, ಯಾರನ್ನೂ ಬಂಧಿಸಲಿಲ್ಲ. ಸಂಜೆಯಾದರೂ ಮುದುಕಿ ಬೆಂಚು ಬಿಟ್ಟು ಏಳಲಿಲ್ಲ. ರಮ್ಯ ಪಿರಿಯಾಪಟ್ಟಣದ ಎರಡು ಬಸ್ಸು ಬಿಟ್ಟು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು ಅತ್ತೆಯ ತೋಳು ಹಿಡಿದಳು.

"ಏಳಿ ಅತ್ತೆ. ಬೆಲ್ಲ ನಾನ್ ತೆಗೀತೀನಿ."