ಬೆಡ್‌ಶೀಟ್ ಸಮೇತ ಹೋದ ಸೈಕಲ್

"ಅಕ್ಕಾ, ಸೈಕಲ್ ಇಲ್ಲ."

ಭಾನುವಾರ ಬೆಳಿಗ್ಗೆ ಫೋನಿನಲ್ಲಿ ನಾದಿನಿ ಹೇಳಿದ್ದು ಇಷ್ಟೇ. ಅಷ್ಟರಲ್ಲಿ ಅವಳ ಅಕ್ಕ, ಅಂದರೆ ನನ್ನ ಹೆಂಡತಿ, ಚಪ್ಪಲಿ ಮೆಟ್ಟಿ ನಿಂತಾಗಿತ್ತು. ಅವಳು ಪೊಲೀಸ್ ಇಲಾಖೆಯಿಂದ ನಿವೃತ್ತಳಾಗಿದ್ದಾಳೆ. ಇಲಾಖೆ ಮಾತ್ರ ಅವಳಿಂದ ಇನ್ನೂ ನಿವೃತ್ತವಾಗಿಲ್ಲ. ಕಾರು ಓಡಿಸುವ ಕರ್ಮ ನನ್ನದು.

ನಾದಿನಿ ಶಾಲೆಯಲ್ಲಿ ಪಾಠ ಹೇಳುವವಳು. ನಲವತ್ತು ದಾಟಿದ ಮೇಲೆ ಮೊದಲ ಬಾರಿಗೆ ತನಗೋಸ್ಕರ ಅಂತ ಒಂದು ವಸ್ತು ಕೊಂಡಿದ್ದಳು—ತೆಳು ಚಕ್ರದ, ಬಾಗಿದ ಹ್ಯಾಂಡಲಿನ, ರೋಡ್ ಬೈಕ್ ಎಂಬ ಸೈಕಲ್. ನಿನ್ನೆ ಸಂಜೆ ತಂದು ಮೆಟ್ಟಿಲ ಕೆಳಗೆ ನಿಲ್ಲಿಸಿ, ಧೂಳು ಕೂರದಿರಲೆಂದು ಬೆಡ್‌ಶೀಟ್ ಹೊದಿಸಿ ಹಗ್ಗ ಕಟ್ಟಿದ್ದಳಂತೆ. ಈಗ ಅಲ್ಲಿ ಸೈಕಲ್ಲೂ ಇಲ್ಲ, ಬೆಡ್‌ಶೀಟೂ ಇಲ್ಲ.

"ಗೇಟಿನ ಕೀಲಿ ಯಾರ ಹತ್ರ ಇದೆ?" ಅವರ ಮನೆ ಮುಟ್ಟಿದೊಡನೆ ಹೆಂಡತಿ ಕೇಳಿದಳು.

"ನಮ್ಮಿಬ್ಬರ ಹತ್ರ. ಮತ್ತೆ ಮೇಲಿನ ಮನೆ ಬಾಡಿಗೆಯವನ ಹತ್ರ."

"ನಾನೂ ಅದನ್ನೇ ಹೇಳಿದ್ದು," ಎಂದ ನಾದಿನಿಯ ಗಂಡ, ಫರ್ನಿಚರ್ ಅಂಗಡಿ ಇಟ್ಟಿರುವ ನನ್ನ ಷಡ್ಡಕ. "ಬೆಳಿಗ್ಗೆ ವ್ಯಾನಲ್ಲಿ ವಾಪಸ್ ಬರ್ತಿದ್ದೆ. ಕೆಂಪು ಅಂಗಿಯವನೊಬ್ಬ ಅದರ ಮೇಲೆ ಕೂತು ಜೋರಾಗಿ ತುಳ್ಕೊಂಡು ಹೋದ. ಕಣ್ಣಾರೆ ಕಂಡೆ. ಮೇಲಿನವನೇ ಗೇಟು ತೆಗೆದುಕೊಟ್ಟಿರ್ಬೇಕು."

ಮೇಲಿನವನನ್ನು ಕರೆಸಿದೆವು. ರಜೆ ಬಂದರೆ ಸೈಕಲ್ ಪಂದ್ಯಕ್ಕೆ ಹೋಗುವ ಆಸಾಮಿ. ನನಗೂ ಅವನ ಮೇಲೇ ಗುಮಾನಿ. ಅಷ್ಟು ನುಣ್ಣಗೆ ಕಾಲು ಬೋಳಿಸಿಕೊಂಡ ಗಂಡಸನ್ನು ನಾನು ನಂಬಲಾರೆ.

"ಸೈಕಲ್ ಅಂಗಡಿಗೆ ಇವಳ ಜೊತೆ ಹೋಗಿದ್ದವರು ನೀವೇನಾ?" ಎಂದಳು ಹೆಂಡತಿ.

"ಹೌದು ಮೇಡಂ, ಅವರೇ ಕರೆದ್ರು. ಅಂಗಡಿಯವನು ಹೊಳೆಯೋ ಕಾರ್ಬನ್ ಸೈಕಲ್ ತಲೆಗೆ ಕಟ್ಟೋಕೆ ನೋಡ್ದ. ದೊಡ್ಡ ಸೈಜು. ಕೂತ್ರೆ ಇವರ ಕೈ ಹ್ಯಾಂಡಲಿಗೆ ಎಟುಕ್ತಿರ್ಲಿಲ್ಲ. ಬೇಡ ಅಂದೆ."

"ಆಮೇಲೆ ಅಲ್ಯೂಮಿನಿಯಂದು ತಗೊಂಡೆ," ಎಂದಳು ನಾದಿನಿ. ಹೇಳುತ್ತಾ ಹೇಳುತ್ತಾ ಅವಳ ಮುಖ ಅರಳಿತು. "ಸೀಟು ನನ್ನ ಕಾಲಿನ ಅಳತೆಗೆ ಇಳಿಸಿದ್ರು. ಹ್ಯಾಂಡಲ್ ಹತ್ತಿರ ಮಾಡಿದ್ರು. ಪೆಡಲ್ ಬೇರೆ ಕೊಳ್ಬೇಕಂತೆ, ನಾನು ಆರಿಸಿದ್ದು ನಾಳೆ ಬರುತ್ತೆ. ಬೆಲ್ಲು ಪುಕ್ಕಟೆ ಕೊಟ್ರು. ಇಬ್ಬರೂ ತಳ್ಕೊಂಡೇ ಬಂದ್ವಿ." ಆಮೇಲೆ ದನಿ ಇಳಿಯಿತು. "ಹೋಗ್ಲಿ ಬಿಡು ಅಕ್ಕ. ನನ್ನ ಹಣೇಲಿ ಬರ್ದಿಲ್ಲ. ಇನ್ನೊಂದು ಸಲ ಆ ಅಂಗಡಿ ಮೆಟ್ಟಿಲು ಹತ್ತೋಳಲ್ಲ ನಾನು."



"ಈ ವಯಸ್ಸಲ್ಲಿ ಇದೆಲ್ಲ ಯಾಕೆ ಅಂತ ಮೊದಲೇ ಹೇಳಿದ್ದೆ," ಎಂದ ಷಡ್ಡಕ. "ಇವನ ಕೈಲಿ ಇವತ್ತೇ ಮನೆ ಖಾಲಿ ಮಾಡಿಸ್ತೀನಿ."

"ಸ್ವಲ್ಪ ತಾಳಪ್ಪ," ಎಂದಳು ಹೆಂಡತಿ. "ಆ ಕೆಂಪು ಅಂಗಿಯವನು ತುಳೀತಿದ್ದದ್ದು ನಿಜ ತಾನೆ?"

"ನೋಡ್ದೆ ಅಂದ್ನಲ್ಲ, ಅತ್ತಿಗೆ."

"ಏನನ್ನ ತುಳೀತಿದ್ದ? ಅದರಲ್ಲಿ ಪೆಡಲೇ ಇರ್ಲಿಲ್ಲ."

ಪೆಡಲಿನ ಮಾತನ್ನು ನಾನೂ ಬೆಲ್ಲಿನ ಸುದ್ದಿಯ ಜೊತೆಗೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ.

"ಇಂಥ ಸೈಕಲ್ ಸಾಮಾನ್ಯವಾಗಿ ಪೆಡಲ್ ಇಲ್ಲದೇ ಮಾರ್ತಾರೆ. ಅದು ಇವಳಿಗೆ ಗೊತ್ತು, ಜೊತೆಗೆ ಹೋಗಿದ್ದ ಇವರಿಗೆ ಗೊತ್ತು. ನಿನಗೆ ಗೊತ್ತಿಲ್ಲ. ಇನ್ನು ಬೆಡ್‌ಶೀಟು. ಹತ್ತಿ ಓಡಿಸೋ ಕಳ್ಳ ಅದನ್ನ ಬಿಚ್ಚಿ ಇಲ್ಲೇ ಬಿಸಾಕ್ತಿದ್ದ. ಎತ್ತಿ ವ್ಯಾನಿಗೆ ಹಾಕೋನು ಮಾತ್ರ ಕಟ್ಟಿದ ಹಾಗೇ ಒಯ್ತಾನೆ. ಅದಕ್ಕೇ ಪೆಡಲ್ ಇಲ್ಲದ್ದು ಅವನ ಕಣ್ಣಿಗೆ ಬೀಳ್ಲಿಲ್ಲ. ಭಾನುವಾರ ನಿನ್ನ ಅಂಗಡಿಗೆ ರಜ. ಬೆಳ್ಳಂಬೆಳಿಗ್ಗೆ ನಿನ್ನ ವ್ಯಾನ್ ಎಲ್ಲಿಗೆ ಹೋಗಿತ್ತು—ನೀನು ಹೇಳ್ತೀಯೋ, ನಾನೇ ಹೇಳ್ಲೋ?"

ಷಡ್ಡಕ ಕುರ್ಚಿಯಲ್ಲಿ ಕುಸಿದ.

"ಗೋಡೌನಲ್ಲಿದೆ. ಮಾರಿಲ್ಲ, ಮುರಿದಿಲ್ಲ." ತಲೆ ಎತ್ತಲಿಲ್ಲ. "ಇನ್ನು ಮೇಲೆ ಬೆಳಿಗ್ಗೆ ಎದ್ದು ಈ ಮೇಲಿನವರ ಸೈಕಲ್ ಗುಂಪಿನ ಜೊತೆ ಊರಾಚೆ ಹೋಗ್ತಾಳಂತೆ. ನಾನು ಒಬ್ಬನೇ ಇಲ್ಲಿ ಏನು ಮಾಡ್ಲಿ? ಭಯ ಆಯ್ತು. ನಾಲ್ಕು ದಿನ ಅತ್ತು ಮರೀತಾಳೆ ಅಂದ್ಕೊಂಡೆ."

ನಾದಿನಿ ಅಳಲಿಲ್ಲ. ಹೋಗಿ ಗಂಡನ ಎದುರು ನಿಂತಳು.

"ಒಂದು ವರ್ಷದಿಂದ ಊಟಕ್ಕೆ ಕೂತಾಗೆಲ್ಲ ನಿಮಗೆ ಇದರದ್ದೇ ಹೇಳಿದ್ದೀನಿ. ಯಾವ ಬಣ್ಣದ್ದು, ಹೇಳಿ."

ಷಡ್ಡಕ ನನ್ನ ಕಡೆ ನೋಡಿದ, ನಾನಾದರೂ ಸನ್ನೆ ಮಾಡುತ್ತೇನೇನೋ ಎಂಬಂತೆ. ನನಗೂ ಗೊತ್ತಿರಲಿಲ್ಲ.

ಅವಳು ಕೈ ಚಾಚಿದಳು. "ಗೋಡೌನ್ ಕೀಲಿ ಕೊಡಿ," ಎಂದಳು.